ಗುಂಡಿಯ ನಿದ್ದೆ

ನಮ್ಮತ್ತೆ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುವುದು ಕುರ್ಚಿಯನ್ನು. ಮನುಷ್ಯರ ಸರದಿ ಆಮೇಲೆ. ಕೂರುವ ಮುಂಚೆ ಅಂಗೈಯಿಂದ ಸೀಟನ್ನು ಅದುಮಿ ನೋಡುತ್ತಾಳೆ. ಕೂತ ಮೇಲೆ ಅವಳ ಬೆರಳು ಸದ್ದಿಲ್ಲದೆ ಸೀಟಿನ ಅಡಿಗೆ ಹೋಗುತ್ತದೆ. ಆ ಮನೆಯವರು ಚಹಾ ತರಲು ಒಳಗೆ ಹೋದರೋ ಇಲ್ಲವೋ, "ಬರೀ ಸ್ಪಂಜು ಕಣೇ, ಒಂದು ಸ್ಪ್ರಿಂಗೂ ಇಲ್ಲ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ. ಸಾವಾದ ಮನೆಗೆ ಹೋದಾಗಲೂ ಈ ಚಟ ಬಿಟ್ಟಿಲ್ಲ. ಹರೆಯದಲ್ಲಿ ಅವಳಿಗೂ ಒಮ್ಮೆ ಮದುವೆಯ ಮಾತು ಬಂದಿತ್ತಂತೆ. ಹುಡುಗನ ಮನೆಗೆ ಹೋಗಿ ಬಂದವಳನ್ನು ಎಲ್ಲರೂ ಸುತ್ತುವರಿದು, ಹುಡುಗ ಹೇಗಿದಾನೆ ಎಂದು ಕೇಳಿದರೆ, "ಅವರ ಸೋಫಾದೊಳಗೆ ಹಳೇ ಪೇಪರ್ ತುರುಕಿದಾರೆ" ಎಂದಳಂತೆ. ಆ ಮಾತುಕತೆ ಅಲ್ಲಿಗೇ ಮುಗಿಯಿತು. ಹುಡುಗ ಹೇಗಿದ್ದ ಎನ್ನುವುದು ನಮಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮದು ಕುಶನ್ ಅಂಗಡಿ. ಸವೆದ ಸೋಫಾ, ಕುಸಿದ ಕುರ್ಚಿಗಳನ್ನು ಬಿಚ್ಚಿ, ಹೊಸದಾಗಿ ತುಂಬಿ, ಹೊಸ ಬಟ್ಟೆ ಹಾಕಿ ಕೊಡುತ್ತೇವೆ. ಬಟ್ಟೆ ಹೊಲಿಯುವುದು ನಾನು, ಮೊಳೆ ಹೊಡೆಯುವುದು ಅತ್ತೆ, ವ್ಯಾನು ಓಡಿಸುವುದು ಅವಳ ಅಣ್ಣ, ಅಂದರೆ ನಮ್ಮಪ್ಪ. ಮಾತಾಡುವುದೂ ಅಪ್ಪನೇ. ಅತ್ತೆಗೆ ಮಾತಾಡಲು ಪುರುಸೊತ್ತಿದ್ದರೂ ಬಾಯಲ್ಲಿ ಜಾಗ ಇರುವುದಿಲ್ಲ. ಸಣ್ಣ ಮೊಳೆಗಳನ್ನು ಹಿಡಿಗಟ್ಟಲೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಟಕ್ಕೆಂದು ಹೊಡೆಯುತ್ತಾಳೆ. ಗಿರಾಕಿಗಳು ಏನು ಕೇಳಿದರೂ ಅವಳ ಉತ್ತರ ಹುಬ್ಬಿನಲ್ಲಿ. ಎತ್ತಿದರೆ ಆಗುತ್ತದೆ, ಗಂಟಿಕ್ಕಿದರೆ ಆಗುವುದಿಲ್ಲ.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅತ್ತೆ ಒಬ್ಬಳೇ ಇರುತ್ತಾಳೆ. ಪಾಪ ಒಬ್ಬಂಟಿ ಎಂದು ಯಾರಾದರೂ ಮರುಗಿದರೆ ನನಗೆ ಸಿಟ್ಟು ಬರುತ್ತದೆ. ಅವಳಷ್ಟು ನೆಮ್ಮದಿಯಾಗಿ ಬದುಕಿದವರನ್ನು ನಾನು ಕಂಡಿಲ್ಲ. ಆದರೆ ನಾಯಿಯೊಂದು ಬೇಕು ಎನ್ನುವ ಆಸೆ ಮಾತ್ರ ಅವಳಿಗೆ ಚಿಕ್ಕಂದಿನಿಂದ ಇತ್ತು. ತಾತ ಇರುವತನಕ ಬಿಡಲಿಲ್ಲ. ಮೊಳೆ ತುಳಿಯುತ್ತೆ, ನಾರು ನುಂಗುತ್ತೆ ಎಂದು ಗದರುತ್ತಿದ್ದರು. ಆಮೇಲೆ ಊರಿನ ಪ್ರಾಣಿಗಳ ಆಶ್ರಯಧಾಮಕ್ಕೆ ಹೋಗಿ ಕೇಳಿದಳು. ಅಂಗಳವಿಲ್ಲ, ಮನೆಯಲ್ಲಿ ಇನ್ನೊಬ್ಬರಿಲ್ಲ, ಕೆಳಗೆ ದಿನವಿಡೀ ಸುತ್ತಿಗೆ ಸದ್ದು ಎಂದು ಅವರೂ ಕೈಯಲ್ಲಾಡಿಸಿಬಿಟ್ಟರು.

ಇಷ್ಟಾದ ಮೇಲೆ ಒಂದು ದಿನ ಮೊಬೈಲನ್ನು ನನ್ನ ಹೊಲಿಗೆ ಮಷೀನಿನ ಮೇಲೆ ಇಟ್ಟು, ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು, "ಇದನ್ನ ನೋಡು" ಎಂದಳು. ಯಾವುದೋ ದೂರದೇಶದ ಬೀದಿ. ಕಸದ ರಾಶಿಯ ಪಕ್ಕದಲ್ಲಿ ಯಾರೋ ಎಸೆದ ಹರಕು ಸೋಫಾ. ಅದರ ಹೊಟ್ಟೆಯ ತೂತಿನಿಂದ ಒಂದು ಕಂದು ಮೂತಿ, ಎರಡು ದುಂಡು ಕಣ್ಣು. ಹುಟ್ಟಿದಾಗಿನಿಂದ ಅದರೊಳಗೇ ಬೆಳೆದದ್ದಂತೆ. ಬೀದಿನಾಯಿಗಳನ್ನು ಕಾಪಾಡಿ ಬೇರೆ ದೇಶಗಳಲ್ಲಿ ಮನೆ ಹುಡುಕಿ ಕೊಡುವ ಸಂಸ್ಥೆಯೊಂದು ಆ ಚಿತ್ರ ಹಾಕಿತ್ತು.

"ಪಾಪ, ಎಷ್ಟು ಸಣಕಲಾಗಿದೆ" ಎಂದೆ.

"ಕಾಲು ಮಾತ್ರ ಇನ್ನೂ ಗಟ್ಟಿ ಇದೆ ನೋಡು. ಒಳ್ಳೇ ಮರ."

ಅವಳು ಹೇಳುತ್ತಿದ್ದದ್ದು ಸೋಫಾದ ಕಾಲಿನ ಬಗ್ಗೆ. ನಾಯಿಯ ಬಗ್ಗೆ ಮಾತು ಬಂದದ್ದು ಮರುದಿನ. ಇದನ್ನೇ ತರಿಸುತ್ತೇನೆ ಎಂದಾಗ ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ನಾಯಿ ಬೇಕು ಅಂದ್ರೆ ಜನ ಪಕ್ಕದ ಬೀದಿಗೆ ಹೋಗ್ತಾರೆ. ನೀನು ಸಮುದ್ರ ದಾಟಿಸ್ತೀಯಾ? ನಮ್ಮಲ್ಲಿ ಯಾರೂ ವಿಮಾನ ಹತ್ತಿಲ್ಲ, ನಿನ್ನ ನಾಯಿ ಹತ್ತುತ್ತಾ?" ಅತ್ತೆ ಹುಬ್ಬು ಎತ್ತಿದಳು. ಅಲ್ಲಿಗೆ ಮುಗಿಯಿತು.

ಸಂಸ್ಥೆಯ ಪರವಾಗಿ ಒಬ್ಬರು ಮೇಡಂ ಮನೆ ನೋಡಲು ಬಂದರು. ಕಿಟಕಿಯ ಚಿಲಕ, ಮೆಟ್ಟಿಲಿನ ಸಂದು, ಬಾಗಿಲಿನ ಬುಡ, ಒಂದನ್ನೂ ಬಿಡಲಿಲ್ಲ. ಬೀದಿಯಲ್ಲಿ ಬೆಳೆದ ನಾಯಿ ಹೆದರಿ ಓಡಿದರೆ ಮತ್ತೆ ಸಿಗುವುದು ಕಷ್ಟ, ಅದಕ್ಕೆ ಎರಡೆರಡು ಬಾಗಿಲು ಬೇಕು ಎಂದರು. ಅತ್ತೆ ಆ ವಾರವೇ ಅಂಗಡಿಯ ಬಾಗಿಲಿಗೆ ಇನ್ನೊಂದು ಮರದ ಗೇಟು ಕೂರಿಸಿದಳು. ಸುಮ್ಮನೆ ಗೇಟು ಮಾಡಿದರೆ ಅವಳು ನಮ್ಮತ್ತೆಯೇ ಅಲ್ಲ. ಅದಕ್ಕೂ ಮೆತ್ತೆ ಹೊಲಿಸಿದಳು, ಮೂತಿ ತಗುಲಿದರೆ ನೋಯಬಾರದಂತೆ. ಹೊಲಿದದ್ದು ನಾನು, ಗೊಣಗುತ್ತಲೇ ಹೊಲಿದೆ. ನನಗೆ ನಾಯಿಗಳೆಂದರೆ ಅಷ್ಟಕ್ಕಷ್ಟೆ.

ನಾಯಿ ಬಂತು. ಸಂಸ್ಥೆಯ ವ್ಯಾನಿನಿಂದ ಪಂಜರ ಇಳಿಸಿ, ಒಳಗೆ ತಂದು, ಬಾಗಿಲು ತೆಗೆದರೆ ಅದು ಅಲುಗಾಡಲೇ ಇಲ್ಲ. ನಾವೆಲ್ಲ ಆ ಕಡೆ ತಿರುಗಿದಾಗ ಯಾವಾಗಲೋ ಇಳಿದು, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ, ಗೋಡೆಯ ಮೂಲೆಗೆ ಸೇರಿಕೊಂಡಿತ್ತು. ಆ ದುಂಡು ಕಣ್ಣುಗಳನ್ನು ನೋಡಿ ಅತ್ತೆ ಆ ಹೆಣ್ಣುನಾಯಿಗೆ ಗುಂಡಿ ಎಂದು ಹೆಸರಿಟ್ಟಳು. ಸೋಫಾದ ಬೆನ್ನಿಗೆ ನಾವು ಹಾಕುವ ಗುಂಡಿ.

ಗುಂಡಿಗೆ ಎಲ್ಲದರ ಮೇಲೂ ಭಯ. ಪೊರಕೆ, ಕೊಡೆ, ಅಪ್ಪನ ಟೋಪಿ, ಅಪ್ಪನ ಕೆಮ್ಮು, ಬಟ್ಟೆ ಹರಿಯುವ ಸದ್ದು. ಹೆದರಿದರೆ ಬೊಗಳುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ, ಇದ್ದಲ್ಲೇ ಕಲ್ಲಾಗುತ್ತಿದ್ದಳು. ಮುಟ್ಟಲು ಕೈ ಚಾಚಿದರೆ ಗೋಡೆಯೊಳಗೇ ನುಗ್ಗುವವಳಂತೆ ಹಿಂದಕ್ಕೆ ಸರಿಯುತ್ತಿದ್ದಳು. ಬಂದ ದಿನ ಮೈಗೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಲೂ ನಮಗೆ ಆಗಿರಲಿಲ್ಲ. ವಿಚಿತ್ರವೆಂದರೆ ಸುತ್ತಿಗೆಯ ಸದ್ದಿಗೆ ಮಾತ್ರ ಅವಳು ಬೆಚ್ಚಲಿಲ್ಲ. ಅತ್ತೆ ಮೊಳೆ ಹೊಡೆಯುವಾಗ ಮೇಜಿನ ಕೆಳಗಿನಿಂದ ಅವಳ ಕೈಯನ್ನೇ ನೋಡುತ್ತಿದ್ದಳು.

ಊಟ ಹೇಗೋ ಮಾಡುತ್ತಿದ್ದಳು, ನಾವು ಬೆನ್ನು ತಿರುಗಿಸಿದಾಗ. ಆದರೆ ನಿದ್ದೆ ಮಾಡುತ್ತಿರಲಿಲ್ಲ. ಯಾವಾಗ ಬಗ್ಗಿ ನೋಡಿದರೂ ಆ ಎರಡು ಕಣ್ಣುಗಳು ತೆರೆದೇ ಇರುತ್ತಿದ್ದವು. ತಲೆ ತೂಗುತ್ತಿತ್ತು, ರೆಪ್ಪೆ ಇಳಿಯುತ್ತಿತ್ತು, ಅಷ್ಟರಲ್ಲೇ ಬೆಚ್ಚಿ ಮತ್ತೆ ನೆಟ್ಟಗಾಗುತ್ತಿದ್ದಳು. ಅತ್ತೆ ಅವಳಿಗೆಂದು ಹಾಸಿಗೆ ಮಾಡಿದಳು; ಅಡಿಗೆ ಸ್ಪ್ರಿಂಗು, ಮೇಲೆ ನಾರು, ಅದರ ಮೇಲೆ ಹತ್ತಿ, ಸುತ್ತ ಅಂಚುಕಟ್ಟು. ಅಂಥ ಹಾಸಿಗೆಯಲ್ಲಿ ನಮ್ಮ ವಂಶದವರು ಯಾರೂ ಮಲಗಿಲ್ಲ. ಗುಂಡಿ ಅದನ್ನು ಮೂಸಿಯೂ ನೋಡಲಿಲ್ಲ.

"ಅವಳಿಗೆ ಬೇಡ ಅಂದ್ರೆ ನನಗೆ ಕೊಡು, ಸೊಂಟ ನೋಯ್ತಿದೆ" ಎಂದ ಅಪ್ಪ.

ಅತ್ತೆ ನಗಲಿಲ್ಲ. ತನ್ನ ಚಾಪೆಯನ್ನು ಕೆಳಗೆ ತಂದು ಅಂಗಡಿಯಲ್ಲೇ ಮಲಗತೊಡಗಿದಳು. ನಾಯಿಯ ಜೊತೆ ಅವಳಿಗೂ ನಿದ್ದೆ ಹೋಯಿತು. ಕಣ್ಣಿನ ಸುತ್ತ ಕಪ್ಪಾಯಿತು. ಮುಂಚೆ ಅವಳು ಮೊಳೆ ಹೊಡೆದರೆ ಗೆರೆ ಎಳೆದಂತಿರುತ್ತಿತ್ತು, ಈಗ ಅಲ್ಲಲ್ಲಿ ಸೊಟ್ಟಗಾಗಿ ನಾನು ಕೀಳಬೇಕಾಗುತ್ತಿತ್ತು. ಈ ನಾಯಿ ಯಾಕಾದರೂ ಬಂತೋ ಎಂದು ನಾನು ಮನಸ್ಸಿನಲ್ಲೇ ಶಪಿಸಿದ್ದುಂಟು.

ಮೇಡಂ ಎರಡನೆಯ ಸಲ ಬಂದಾಗ ಮೇಜಿನ ಕೆಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ಎದ್ದು ನಿಂತು, ಸೆರಗಿಗೆ ಅಂಟಿದ ಹತ್ತಿ ಕೊಡವಿಕೊಂಡು ಮೆಲ್ಲಗೆ ಹೇಳಿದರು: "ನಿದ್ದೆ ಇಲ್ಲದಿದ್ರೆ ಕಾಯಿಲೆ ಬೀಳ್ತಾಳೆ. ಊರಾಚೆ ಒಂದು ಮನೆ ಇದೆ. ಅಂಗಳ ಇದೆ, ಬೇರೆ ನಾಯಿಗಳೂ ಇವೆ, ಅವುಗಳನ್ನ ನೋಡಿ ಕಲೀತಾಳೆ. ಮುಂದಿನ ಸಲ ನಾನು ಬಂದಾಗಲೂ ಹೀಗೇ ಇದ್ರೆ ಅಲ್ಲಿಗೆ ಕರ್ಕೊಂಡು ಹೋಗ್ಬೇಕಾಗುತ್ತೆ. ನಿಮ್ಮ ತಪ್ಪೇನಿಲ್ಲ."

ಅತ್ತೆ ಆ ಹೊಸ ಹಾಸಿಗೆಯನ್ನು ಮೇಜಿನ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳಿದಳು. ಅವರು ಹೋದ ಮೇಲೆ, "ಅಂಗಳ ಇದ್ಯಂತೆ" ಎಂದಳು ನನಗೆ.

ಮೇಡಂ ಮತ್ತೆ ಬರಬೇಕಾದ ದಿನವೇ ಹಲ್ಲಿನ ಡಾಕ್ಟರ ಸೋಫಾವನ್ನೂ ಕೊಡಬೇಕಾಗಿತ್ತು. ಅವರ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯದು. ಅವರ ತಂದೆಯ ಕಾಲದ್ದು, ಮೂವರು ಆರಾಮಾಗಿ ಕೂರುವಂಥದು. ಒಳಗೆಲ್ಲ ಕುದುರೆಯ ಕೂದಲು. ಹಿಂದಿನವರು ಒಳ್ಳೆಯ ಸೋಫಾಗಳಿಗೆ ಅದನ್ನೇ ತುಂಬುತ್ತಿದ್ದರು, ಎಷ್ಟು ವರ್ಷವಾದರೂ ಕುಸಿಯುವುದಿಲ್ಲ. ಅಂಥ ಮಾಲು ಕೈಗೆ ಸಿಕ್ಕರೆ ಅತ್ತೆಗೆ ಹಬ್ಬ. ಅದನ್ನು ಹೊರಗೆ ತೆಗೆದು, ಹಿಂಜಿ, ಬಿಸಿಲಿಗೆ ಹಾಕಿ, ಮತ್ತೆ ತುಂಬಿದ್ದಳು. ಬೆನ್ನಿನ ಹಿಂಬದಿಯ ಬಟ್ಟೆಯೊಂದು ಬಾಕಿ. ಅದರ ಮೇಲಂಚಿಗೆ ಮೊಳೆ ಹೊಡೆದು, ಉಳಿದದ್ದನ್ನು ಪರದೆಯಂತೆ ಇಳಿಬಿಟ್ಟು, ನಾವು ಊಟಕ್ಕೆ ಮೇಲೆ ಹೋದೆವು.

ಊಟ ಮುಗಿಸಿ ಬಂದು ಅತ್ತೆ ಬಾಯಿಗೆ ಮೊಳೆ ತುಂಬಿಕೊಂಡಳು. ಹಿಂಬದಿ ಮುಚ್ಚುವ ಮೊದಲು ಒಳಗೆ ಕೈ ಹಾಕಿ ತಡಕಾಡುವುದು ನಮ್ಮ ಅಂಗಡಿಯ ನಿಯಮ. ತಾತನ ಕತ್ತರಿಯೊಂದು ಹಾಗೇ ಯಾರದೋ ಆರಾಮಕುರ್ಚಿಯೊಳಗೆ ಸೇರಿಕೊಂಡು ಊರು ಬಿಟ್ಟಿತ್ತು. ಅತ್ತೆ ಭುಜದವರೆಗೂ ಕೈ ಇಳಿಸಿದಳು. ಅವಳ ಮುಖ ಅರಳಿತು. ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು, "ಆಹಾ, ಏನು ಕೂದಲು ಕಣೇ! ಎಷ್ಟು ಮೆತ್ತಗಿದೆ. ಬಿಸಿಲಿಗೆ ಹಾಕಿದ್ದು ಇನ್ನೂ ಬೆಚ್ಚಗಿದೆ ನೋಡು" ಎಂದಳು. ಇನ್ನೊಮ್ಮೆ ಕೈಯಾಡಿಸಿ, ಒಳ್ಳೇ ಮಾಲಿಗೆ ತಟ್ಟುವಂತೆ ಎರಡು ಸಲ ತಟ್ಟಿದಳು. ಆಮೇಲೆ ಬಟ್ಟೆ ಎಳೆದು, ಬಿಗಿದು, ಮೊಳೆ ಹೊಡೆದು ಮುಗಿಸಿದಳು.

ಸೋಫಾ ಎತ್ತಲು ಪಕ್ಕದ ಬೀಗದಂಗಡಿಯವರು ಅಪ್ಪನ ಜೊತೆ ಕೈ ಜೋಡಿಸಿದರು. ಎತ್ತಿದವರೇ ಇಬ್ಬರೂ ಉಶ್ಶಪ್ಪ ಎಂದರು.

"ತರುವಾಗ ಇಷ್ಟು ಭಾರ ಇರ್ಲಿಲ್ಲ. ಕಲ್ಲು ತುಂಬಿದೀಯಾ?" ಎಂದ ಅಪ್ಪ.

"ಹಳೇ ಮಾಲು ಅಣ್ಣಾ. ಗಟ್ಟಿ ಕೆಲಸ ಅಂದ್ರೆ ಭಾರ ಇರುತ್ತೆ" ಎಂದಳು ಅತ್ತೆ, ಬಹಳ ದಿನಗಳ ಮೇಲೆ ಸ್ವಲ್ಪ ಹೆಮ್ಮೆಯಿಂದ.

ವ್ಯಾನು ಹೋಗಿ, ಅಪ್ಪ ವಾಪಸ್ಸು ಬಂದು, ನಾನು ಮಷೀನಿಗೆ ಎಣ್ಣೆ ಬಿಟ್ಟು, ಅತ್ತೆ ಸಂಜೆಯ ನೀರು ಇಡಲು ಮೇಜಿನ ಕೆಳಗೆ ಬಗ್ಗಿದಾಗ ಗುಂಡಿ ಇರಲಿಲ್ಲ.

ಸೋಫಾ ಸಾಗಿಸುವಾಗ ಎರಡು ಬಾಗಿಲೂ ತೆರೆದಿದ್ದವಲ್ಲ, ಆಗಲೇ ನುಸುಳಿ ಹೋಗಿರಬೇಕು ಎಂದುಕೊಂಡೆವು. ಮೂವರೂ ಬೀದಿಗೆ ಬಿದ್ದೆವು. ಅಪ್ಪ ಬಸ್‌ಸ್ಟ್ಯಾಂಡಿನ ಕಡೆಗೆ, ನಾನು ಮಾರುಕಟ್ಟೆ ಕಡೆಗೆ. ಅತ್ತೆ ಎದುರಿಗೆ ಸಿಕ್ಕಿದವರನ್ನೆಲ್ಲ "ನಮ್ಮ ಗುಂಡಿ ನೋಡಿದ್ರಾ?" ಎಂದು ಕೇಳುತ್ತ ಹೋದಳು. ಇಸ್ತ್ರಿ ಅಂಗಡಿಯವನು ಪಾಪ, "ಯಾವ ಅಂಗಿದಕ್ಕಾ?" ಎಂದು ನೆಲದ ಮೇಲೆ ಹುಡುಕಲು ಶುರುಮಾಡಿದ. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಅತ್ತೆಯ ಮುಖ ನೋಡಿ ನನಗೆ ಅಳು ಬಂತು. ಹುಟ್ಟಿದಾಗಿನಿಂದ ಸೋಫಾದೊಳಗೇ ಬೆಳೆದ ನಾಯಿ ಎಲ್ಲಿ ಅಡಗಿರಬಹುದು ಎನ್ನುವುದು ಸೋಫಾ ಮಾಡಿಯೇ ಹೊಟ್ಟೆ ಹೊರೆಯುವ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಬರಿಗೈಯಲ್ಲಿ ಅಂಗಡಿಗೆ ಹಿಂತಿರುಗಿದರೆ ಮೇಡಂ ಗೇಟಿನ ಹತ್ತಿರ ನಿಂತಿದ್ದರು. ಏನಾದರೂ ಸಬೂಬು ಹೇಳಿ ಸಾಗಹಾಕೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನೇರವಾಗಿ ಹೇಳಿಬಿಟ್ಟಳು.

"ಗುಂಡಿ ಕಾಣ್ತಿಲ್ಲ ಮೇಡಂ. ಎರಡು ಬಾಗಿಲೂ ತೆಗೆದಿಟ್ಟಿದ್ವಿ. ನಂದೇ ತಪ್ಪು. ಮೊದಲು ಹುಡುಕಿ ಕೊಡಿ, ಆಮೇಲೆ ಬೇಕಿದ್ರೆ ಆ ಅಂಗಳದ ಮನೆಗೇ ಕರ್ಕೊಂಡು ಹೋಗಿ. ಅವಳು ಬದುಕಿದ್ರೆ ಸಾಕು ನನಗೆ."

ಮೇಡಂ ಉತ್ತರ ಕೊಡುವ ಮೊದಲೇ ಅಪ್ಪನ ಮೊಬೈಲು ಹೊಡೆದುಕೊಂಡಿತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಹುಡುಗಿ. ಅವಳ ದನಿ ನಮಗೆಲ್ಲ ಕೇಳುತ್ತಿತ್ತು.

"ಅಂಕಲ್, ಸೋಫಾದ ವಿಷಯ. ಹೇಗೆ ಹೇಳೋದು ಗೊತ್ತಾಗ್ತಿಲ್ಲ... ಅದು ಗೊರಕೆ ಹೊಡೀತಿದೆ."

"ಏನು ಹೊಡೀತಿದೆ?"

"ಗೊರಕೆ ಅಂಕಲ್. ಪೇಷೆಂಟುಗಳು ಎದ್ದು ನಿಂತ್ಕೊಂಡಿದಾರೆ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಅತ್ತೆ ತನ್ನ ಬಲಗೈಯನ್ನು ಎತ್ತಿ, ಅದು ಬೇರೆ ಯಾರದೋ ಕೈ ಎನ್ನುವಂತೆ ತಿರುಗಿಸಿ ತಿರುಗಿಸಿ ನೋಡಿದಳು.

"ಅಯ್ಯೋ ದೇವರೇ, ಅದು ಕುದುರೆ ಕೂದಲಲ್ಲ ಕಣೇ" ಎಂದಳು.

ವ್ಯಾನಿನಲ್ಲಿ ನಾಲ್ವರೂ ಇಕ್ಕಟ್ಟಾಗಿ ಕೂತು ಹೊರಟೆವು. ಮೇಡಂ ಹಲ್ಲು ಕಚ್ಚಿಕೊಂಡಿದ್ದರು. ನಾಯಿಯನ್ನು ಸೋಫಾದೊಳಗೆ ಹಾಕಿ ಮೊಳೆ ಹೊಡೆದು ಕಳಿಸಿಬಿಟ್ಟವರ ಬಗ್ಗೆ ಅವರು ಏನೆಂದುಕೊಳ್ಳುತ್ತಿದ್ದರೋ, ಕೇಳುವ ಧೈರ್ಯ ನಮಗಿರಲಿಲ್ಲ.

ಕ್ಲಿನಿಕ್ಕಿನಲ್ಲಿ ಮೂರು ಜನ ರೋಗಿಗಳು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಒಬ್ಬರ ಕೆನ್ನೆ ಬನ್ನಿನಂತೆ ಊದಿತ್ತು, ಆದರೂ ಕಣ್ಣು ಮಾತ್ರ ಸೋಫಾದ ಮೇಲೆ. ಹೊಸ ಹಸಿರು ಬಟ್ಟೆಯಲ್ಲಿ ಸೋಫಾ ಚೆನ್ನಾಗಿ ಕಾಣುತ್ತಿತ್ತು. ಅದರ ಹೊಟ್ಟೆಯೊಳಗಿನಿಂದ ಬರುತ್ತಿತ್ತು ಗೊರಕೆ. ಸಣ್ಣ ಪುಟ್ಟದ್ದಲ್ಲ, ಊಟ ಮಾಡಿ ಮಲಗಿದ ಗಂಡಸಿನ ಗೊರಕೆ. ಎಳೆದುಕೊಂಡು ಹೋಗಿ, ಮೇಲೆ ಸ್ವಲ್ಪ ನಿಂತು, ಪುಸ್ಸೆಂದು ಇಳಿಯುತ್ತಿತ್ತು.

ಅಪ್ಪ ಇಕ್ಕಳ ತೆಗೆದ. ಅತ್ತೆ ಅವನ ಕೈ ಹಿಡಿದಳು.

"ತಡಿ ಅಣ್ಣಾ, ಎಬ್ಬಿಸ್ಬೇಡ."

ಸೋಫಾದ ಬೆನ್ನಿಗೆ ಕಿವಿ ಹಚ್ಚಿ ಆಲಿಸಿದಳು. ಆಮೇಲೆ ಇಕ್ಕಳವನ್ನು ತಾನೇ ತೆಗೆದುಕೊಂಡು, ಕೆಳಗಿನ ಮೂಲೆಯಿಂದ ಮೊಳೆಗಳನ್ನು ಒಂದೊಂದಾಗಿ, ಮಗುವಿನ ಬೆರಳಿನಿಂದ ಮುಳ್ಳು ತೆಗೆಯುವಷ್ಟು ನಾಜೂಕಾಗಿ ಕಿತ್ತಳು. ಬಟ್ಟೆಯನ್ನು ಮೇಲಕ್ಕೆ ಮಡಚಿದಳು. ಒಳಗೆ, ಸ್ಪ್ರಿಂಗುಗಳ ಅಡಿಯ ಟೊಳ್ಳಿನಲ್ಲಿ, ನಾಲ್ಕು ಕಾಲನ್ನೂ ಚಾಚಿ, ಹೊಟ್ಟೆ ತೋರಿಸಿಕೊಂಡು ಮಲಗಿತ್ತು ನಮ್ಮ ದೂರದೇಶದ ನಾಯಿ. ಕಣ್ಣು ಮುಚ್ಚಿತ್ತು. ಬಾಯಿಯ ಪಕ್ಕದಲ್ಲಿ ಜೊಲ್ಲು ಬೇರೆ.

ಮೇಡಂ ಬಗ್ಗಿ ನೋಡಿದರು, ಅವಳ ಪಕ್ಕೆ ಏರಿ ಇಳಿಯುವುದನ್ನು ಗಮನಿಸಿದರು. ಕಚ್ಚಿದ್ದ ಹಲ್ಲು ಸಡಿಲವಾಯಿತು.

ಅತ್ತೆ ಅಲ್ಲೇ ನೆಲದ ಮೇಲೆ, ಗೋಡೆಗೆ ಒರಗಿ ಕೂತಳು. "ನಾನು ಅವಳನ್ನ ಮುಟ್ಟಿದೆ" ಎಂದಳು ಪಿಸುದನಿಯಲ್ಲಿ. "ಕೈಯಾಡಿಸಿದೆ. ತಟ್ಟಿದೆ ಕೂಡ. ಅವಳು ಸುಮ್ಮನಿದ್ಲು ಕಣೇ." ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ದಿನ ಆ ನಾಯಿಯನ್ನು ಬೈದುಕೊಂಡಿದ್ದ ನಾನೂ ಅತ್ತೆಯ ಪಕ್ಕಕ್ಕೆ ಹೋಗಿ ಕೂತೆ.

ಡಾಕ್ಟರು ಒಳಗಿನಿಂದ ಇಣುಕಿದರು. ವಿಷಯ ಗೊತ್ತಾದ ಮೇಲೆ ಅವರೂ ಪಿಸುಮಾತಿಗೆ ಇಳಿದರು. "ಮುಂದಿನವರು ಬನ್ನಿ" ಎನ್ನುವುದೂ ಪಿಸುಮಾತೇ. ಕೆನ್ನೆ ಊದಿದವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ತುದಿಗಾಲಲ್ಲಿ ಒಳಗೆ ಹೋದರು. ಹಲ್ಲು ಕೊರೆಯುವ ಯಂತ್ರ ಗುಂಯ್ಯೆಂದಿತು. ಗೊರಕೆ ನಿಲ್ಲಲಿಲ್ಲ. "ನನಗೆ ಇಂಥ ನಿದ್ದೆ ಯಾವತ್ತಾದ್ರೂ ಬಂದಿದ್ಯಾ?" ಎಂದು ಅಪ್ಪ ಟೋಪಿ ತೆಗೆದು ಜೇಬಿಗೆ ತುರುಕಿಕೊಂಡ. ಮೇಡಂ ಸೋಫಾದ ಒಂದು ತುದಿಯಲ್ಲಿ ಹಗುರವಾಗಿ ಕೂತು ಕಾದರು. ಕೂತವರು ಕೈಯಿಂದ ಸೀಟನ್ನು ಒಮ್ಮೆ ಒತ್ತಿ ನೋಡಿ, "ಚೆನ್ನಾಗಿ ಮಾಡಿದೀರ" ಎಂದರು.

ಕೊನೆಯ ರೋಗಿ ಹೋದ ಮೇಲೆ ಒಳಗೆ ಸರಸರ ಸದ್ದಾಯಿತು. ಮೊದಲು ಮೂಗು ಬಂತು, ಆಮೇಲೆ ಕುದುರೆಯ ಕೂದಲು ಅಂಟಿದ ಕಿವಿಗಳು, ಆಮೇಲೆ ಗುಂಡಿ ಪೂರ್ತಿಯಾಗಿ ಹೊರಬಂದಳು. ಮುಂಗಾಲು ಚಾಚಿ ಮೈಮುರಿದಳು. ಹೊಸ ಜಾಗ, ಹೊಸ ಮುಖಗಳು. ಈಗ ಕಲ್ಲಾಗುತ್ತಾಳೆ ಎಂದುಕೊಂಡೆ. ಕೋಣೆಯ ಮೂಲೆಯಲ್ಲೊಂದು ಮೇಜಿತ್ತು, ಅದರ ಕೆಳಗೆ ಬೇಕಾದಷ್ಟು ಕತ್ತಲೂ ಇತ್ತು. ಗುಂಡಿ ಅದನ್ನು ಒಮ್ಮೆ ನೋಡಿದಳು. ನಮ್ಮನ್ನೆಲ್ಲ ನೋಡಿದಳು. ಆಮೇಲೆ ನಿಧಾನವಾಗಿ ನಡೆದು ಬಂದು, ಅತ್ತೆಯ ಚಾಚಿದ ಕಾಲಿನ ಸುತ್ತ ಒಂದು ಸುತ್ತು ಹಾಕಿ, ಅಲ್ಲೇ ಬಿದ್ದುಕೊಂಡು, ಅವಳ ಪಾದದ ಮೇಲೆ ಗದ್ದ ಇಟ್ಟಳು. ಅತ್ತೆ ಕೈ ಚಾಚಲಿಲ್ಲ, ಅಲುಗಲೂ ಇಲ್ಲ. ದುಂಡು ಕಣ್ಣುಗಳು ಎಲ್ಲರ ಮುಂದೆ, ದೀಪದ ಬೆಳಕಿನಲ್ಲೇ, ಮೆಲ್ಲನೆ ಮುಚ್ಚಿದವು.

ಮೇಡಂ ಎದ್ದು ನಿಂತರು. ಅವರಿಗೂ ಸಂತೋಷವಾಗಿತ್ತು, ಅದಕ್ಕೇ ದನಿ ಸ್ವಲ್ಪ ಜೋರಾಯಿತು.

"ಸರಿ, ಹಾಗಾದ್ರೆ ಅಂಗಳದ ಮನೆಯವರಿಗೆ ಬೇಡ ಅಂತ ಹೇಳ್ತೀನಿ. ನಾನು ಇನ್ನು ಬರೋ ಕೆಲಸ ಇಲ್ಲ ಅನ್ಸುತ್ತೆ."

ಅತ್ತೆ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಮೇಡಂ" ಎಂದಳು. "ನಮ್ಮ ಹುಡುಗಿ ಮಲಗಿದಾಳೆ."